ಹಳೆ ಕ್ಯಾಸೆಟ್, ಹೊಸ ಫೈಲ್: ದೋಷ ಟೇಪಿನಲ್ಲೋ, ಯಂತ್ರದಲ್ಲೋ, ಅಪ್‌ಸ್ಕೇಲಿಂಗ್‌ನಲ್ಲೋ?

ಮುಂಬಯಿಯ ಕನ್ನಡ ಸಂಘಗಳ ಕಪಾಟಿನಲ್ಲಿ, ಡೊಂಬಿವಲಿ–ಬೊರಿವಲಿಯ ಮನೆಗಳ ಅಟ್ಟದಲ್ಲಿ ಇರುವ ಸರಕು ಹೆಚ್ಚುಕಡಿಮೆ ಒಂದೇ: ವಾರ್ಷಿಕೋತ್ಸವದ ನಾಟಕ, ಯಕ್ಷಗಾನದ ಆಟ, ತಾಳಮದ್ದಳೆ, ಮದುವೆ. ವಿಡಿಯೋ ಇದ್ದರೆ ವಿಎಚ್‌ಎಸ್, ದನಿ ಮಾತ್ರ ಇದ್ದರೆ ಸಾಮಾನ್ಯ ಆಡಿಯೋ ಕ್ಯಾಸೆಟ್. ‘4ಕೆ ಮಾಡಿಕೊಡಿ’ ಎಂದು ಕೊಟ್ಟು ಬಂದವರು ವಾಪಸ್ ತರುವ ಫೈಲಿನಲ್ಲಿ ಮುಖಗಳು ಮೇಣ ಮೆತ್ತಿದಂತಿರುತ್ತವೆ, ಭಾಗವತರ ಪದ ಮಂಕಾಗಿರುತ್ತದೆ. ದೋಷ ಎಲ್ಲಿ ಹುಟ್ಟಿತು ಎಂದು ಹುಡುಕುವ ದಾರಿ ಇಲ್ಲಿದೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಯಂತ್ರ ಬಿಚ್ಚುವ ಕೆಲಸ ಆಮೇಲೆ.

ಎರಡು ಮಾತು ಬೇರೆ ಬೇರೆ ಎಂಬುದು ಗೊತ್ತಿರಲಿ. ರಿಮಾಸ್ಟರಿಂಗ್ ಎಂದರೆ ಸಿಗುವ ಅತಿ ಹಳೆಯ, ಅತಿ ಒಳ್ಳೆಯ ಮೂಲವನ್ನು ಹಿಡಿದು, ಅದನ್ನು ಸರಿಯಾಗಿ ಓಡಿಸಿ, ಹೊಸದಾಗಿ ದಾಖಲಿಸಿ, ಬಣ್ಣ–ದನಿ ತಿದ್ದುವುದು. ಅಪ್‌ಸ್ಕೇಲಿಂಗ್ ಎಂದರೆ ಕೈಯಲ್ಲಿರುವ ಫೈಲಿನ ಪಿಕ್ಸೆಲ್‌ಗಳ ನಡುವೆ ಊಹೆಯಿಂದ ಹೊಸ ಪಿಕ್ಸೆಲ್ ತುಂಬುವುದು. ನಮ್ಮ ವಿಎಚ್‌ಎಸ್ ಟೇಪುಗಳು ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯವು. ಡಿಜಿಟಲ್ ಮಾಡಿದರೆ 720×576, ಅಂದರೆ 4,14,720 ಪಿಕ್ಸೆಲ್. ಅದೇ 4:3 ಚಿತ್ರ 4ಕೆ ಪರದೆಯಲ್ಲಿ 2880×2160 ಆಗುತ್ತದೆ, ಸರಿಯಾಗಿ 15 ಪಟ್ಟು. ಹದಿನೈದರಲ್ಲಿ ಹದಿನಾಲ್ಕು ಪಿಕ್ಸೆಲ್ ಸಾಫ್ಟ್‌ವೇರಿನ ಊಹೆ. ಅದೂ ವಿಎಚ್‌ಎಸ್ ಅಡ್ಡಕ್ಕೆ ಹಿಡಿಯುವ ವಿವರ ಸುಮಾರು 240 ಗೆರೆಗಳಷ್ಟೇ, ಆ 720 ಕೂಡ ಪೂರ್ತಿ ತುಂಬಿರುವುದಿಲ್ಲ. ಮೂಲದಲ್ಲಿ ಒಂದು ಗೆರೆ ಇದ್ದರೆ ಅಪ್‌ಸ್ಕೇಲಿಂಗ್ ಅದನ್ನು ನಾಲ್ಕು ಗೆರೆ ದಪ್ಪ ಮಾಡುತ್ತದೆ. ಆದ್ದರಿಂದ ತಿದ್ದುವ ಕೆಲಸವೆಲ್ಲ ಹಿಗ್ಗಿಸುವುದಕ್ಕೆ ಮೊದಲೇ ಆಗಬೇಕು.

ಎಲ್ಲಕ್ಕಿಂತ ಮೊದಲು: ಒಂದೇ ಜಾಗವನ್ನು ಮೂರು ಕಡೆ ನೋಡಿ

ದೋಷ ಕಾಣುವ ಒಂದು ನಿಮಿಷವನ್ನು ಗುರುತಿಟ್ಟುಕೊಳ್ಳಿ. ಆ ಜಾಗವನ್ನು ವಿಸಿಆರ್‌ನಿಂದ (ವಿಎಚ್‌ಎಸ್ ಓಡಿಸುವ ಯಂತ್ರ) ನೇರ ಟಿವಿಯಲ್ಲಿ, ತಿದ್ದದ ಕ್ಯಾಪ್ಚರ್ ಫೈಲಿನಲ್ಲಿ (ಟೇಪಿನಿಂದ ಕಂಪ್ಯೂಟರಿಗೆ ಇಳಿಸಿದ್ದು), ಕೊನೆಯ ಫೈಲಿನಲ್ಲಿ ನೋಡಿ. ಮೊದಲು ಎಲ್ಲಿ ಕಾಣುತ್ತದೋ ದೋಷ ಅಲ್ಲಿಯದು. ಟೇಪನ್ನು ಎರಡು ಸಲ ಓಡಿಸಿ: ಬಿಳಿ ಗೀರು ಎರಡೂ ಸಲ ಅದೇ ಕ್ಷಣಕ್ಕೆ ಬಂದರೆ ಟೇಪು ಹಾಳಾಗಿದೆ, ಜಾಗ ಬದಲಿಸಿದರೆ ಯಂತ್ರದ ಹೆಡ್ (ಟೇಪನ್ನು ಓದುವ ಭಾಗ) ಕೊಳೆಯಾಗಿದೆ. ಅಂಗಡಿಯವರು ತಿದ್ದದ ಫೈಲ್ ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ. ‘ಅದನ್ನು ಡಿಲೀಟ್ ಮಾಡಿದೆವು’ ಎಂದರೆ ಟೇಪಿನಿಂದಲೇ ಮತ್ತೆ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಓಡಿಸುವ ಮೊದಲು ರೆಕಾರ್ಡ್ ಆಗದಂತೆ ತಡೆಯುವ ಪ್ಲಾಸ್ಟಿಕ್ ಚೂರು ಮುರಿಯಿರಿ. ವಿಎಚ್‌ಎಸ್‌ನಲ್ಲಿ ಬೆನ್ನ ಕಡೆ ಒಂದು, ಆಡಿಯೋ ಕ್ಯಾಸೆಟ್‌ನಲ್ಲಿ ಮೇಲ್ಗಡೆ ಎರಡು, ಒಂದೊಂದು ಬದಿಗೆ ಒಂದೊಂದು. ಎಸಿ ಕೋಣೆಯಿಂದ ತಂದ ಟೇಪನ್ನು ಜುಲೈ ತಿಂಗಳ ಗಾಳಿಯಲ್ಲಿ ಕೂಡಲೇ ಹಾಕಬೇಡಿ. ಮೇಲೆ ತೇವ ಕೂತು, ವಿಸಿಆರ್‌ನೊಳಗೆ ಹೆಡ್‌ಗಳನ್ನು ಹೊತ್ತು ತಿರುಗುವ ಡ್ರಮ್ಮಿಗೆ ಅಂಟುತ್ತದೆ. ಒಂದೆರಡು ಗಂಟೆ ಹೊರಗಿಡಿ.

ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ

ವಿಎಚ್‌ಎಸ್‌ನ ಕಿಂಡಿಯಲ್ಲಿ ಟಾರ್ಚ್ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ, ಮಂಜಿನಂಥ ಪದರ ಇದ್ದರೆ ಅದು ಬೂಷ್ಟು. ಕರಾವಳಿಯ ಮಳೆಗಾಲ ಕಳೆದ ಟೇಪುಗಳಲ್ಲಿ ಇದು ಮಾಮೂಲು. ಓಡಿಸಲೇಬೇಡಿ. ಹೆಡ್ಡಿಗೆ ಬೂಷ್ಟು ತುಂಬಿ ಚಿತ್ರ ಹೋಗುತ್ತದೆ, ಮುಂದೆ ಹಾಕುವ ಪ್ರತಿ ಟೇಪಿಗೂ ಅಂಟುತ್ತದೆ. ಒಳಗೆ ಎಳೆದುಕೊಂಡರೆ ಉಬ್ಬಸದವರಿಗೆ ಅಪಾಯ. ಎನ್95 ಮಾಸ್ಕ್ ಇಲ್ಲದೆ ಬಿಚ್ಚಬೇಡಿ, ಎಸಿ ಅಥವಾ ಫ್ಯಾನ್ ಕೆಳಗಂತೂ ಬೇಡ. ಆ ಟೇಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಚೀಲದಲ್ಲಿ ಕಟ್ಟಿಟ್ಟು, ಶುಚಿ ಮಾಡಲು ಪ್ರತ್ಯೇಕ ಯಂತ್ರ ಇಟ್ಟವರಿಗೆ ಕೊಡಿ.

ಇನ್ನೂ ಎರಡು ‘ನಿಲ್ಲಿಸಿ’ ಚಿಹ್ನೆಗಳಿವೆ. ಓಡುವಾಗ ಟೇಪು ಕಿರ್ ಎಂದು ಕೂಗುತ್ತಾ ಹೆಡ್ ಮೇಲೆ ಕಂದು ಅಂಟು ಬಿಡುತ್ತಿದ್ದರೆ ಕಾಂತಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಸಡಿಲವಾಗಿದೆ. 1970–80ರ ದಶಕದ ರೀಲ್ ಟೇಪುಗಳಲ್ಲಿ ಇದು ಹೆಚ್ಚು. ಇದಕ್ಕೆ ಸುಮಾರು 50–55 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸುವ ಚಿಕಿತ್ಸೆ ಇದೆ, ಆದರೆ ಮನೆಯ ಓವನ್‌ನಲ್ಲಿ ಆ ಸಾಹಸ ಬೇಡ. ಅಸಿಟೇಟ್ (ಹಳೆಯ ಬಗೆಯ ಪ್ಲಾಸ್ಟಿಕ್) ಟೇಪಾಗಿದ್ದರೆ ಬಿಸಿಗೆ ಪೂರ್ತಿ ಹಾಳಾಗುತ್ತದೆ. ಇನ್ನೊಂದು: ಫಾಸ್ಟ್ ಫಾರ್ವರ್ಡ್‌ನಲ್ಲಿ ಟೇಪು ಜಗ್ಗಿ ಜಗ್ಗಿ ನಿಲ್ಲುವುದು. ಬಲವಂತ ಮಾಡಿದರೆ ತುಂಡಾಗುತ್ತದೆ.

ದನಿ ಮಂಕಾಗಿದೆ

ಆಡಿಯೋ ಕ್ಯಾಸೆಟ್‌ನಲ್ಲಿ ಅತಿ ಹೆಚ್ಚು ಬರುವ ದೂರು ಇದೇ. ಅತಿ ಹೆಚ್ಚು ತಪ್ಪು ಔಷಧ ಬೀಳುವುದೂ ಇದಕ್ಕೇ: ಎಲ್ಲರೂ ಟ್ರೆಬಲ್ ಏರಿಸುತ್ತಾರೆ, ಜೊತೆಗೆ ಸುಯ್ಯೆನ್ನುವ ಸದ್ದೂ ಏರುತ್ತದೆ.

ಮೊದಲು ಕ್ಯಾಸೆಟ್‌ನ ಬಾಯಿ ನೋಡಿ. ಟೇಪಿನ ಹಿಂದೆ ತಾಮ್ರದ ಸ್ಪ್ರಿಂಗಿಗೆ ಅಂಟಿಸಿದ ಚಿಕ್ಕ ಫೆಲ್ಟ್ ತುಂಡು ಇರುತ್ತದೆ. ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ. ದನಿ ಮಂಕಾಗಿ, ಬಿಟ್ಟು ಬಿಟ್ಟು ಬರುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್‌ನ ಕವಚಕ್ಕೆ ಟೇಪನ್ನು ವರ್ಗಾಯಿಸಿದರೆ ಮುಗಿಯಿತು. ಆಮೇಲೆ ಹೆಡ್ ಶುಚಿ: 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಡ್ಸ್‌ನಿಂದ ಹೆಡ್, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ ಒರೆಸಿ. ರಬ್ಬರ್ ರೋಲರಿಗೆ ನೀರಿನಲ್ಲಿ ಒಂದು ಹನಿ ಸೋಪು ಸಾಕು; ಆಲ್ಕೋಹಾಲ್ ಕೆಲವು ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಆ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಊದುಬತ್ತಿ, ಗ್ಯಾಸ್ ಹತ್ತಿರ ಬಾಟಲಿ ಬಿಚ್ಚಬೇಡಿ. ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನೂ ನೋಡಿ. ಡಾಲ್ಬಿ ಇಲ್ಲದೆ ರೆಕಾರ್ಡ್ ಆದದ್ದನ್ನು ಡಾಲ್ಬಿ ಹಾಕಿ ಕೇಳಿದರೆ ದನಿಗೆ ಹೊದಿಕೆ ಹೊದಿಸಿದಂತೆ. ಮನೆಯಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಬಹುಪಾಲು ಡಾಲ್ಬಿ ಇಲ್ಲದವೇ.

ಇಷ್ಟಾದರೂ ಮಂಕಾಗಿದ್ದರೆ ಕಾರಣ ಅಜಿಮತ್. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡಿನ ಸೀಳು ಟೇಪಿಗೆ ಯಾವ ಕೋನದಲ್ಲಿತ್ತೋ ಅದೇ ಕೋನ ಓಡಿಸುವ ಯಂತ್ರದಲ್ಲೂ ಬೇಕು. ಒಂದಿಷ್ಟು ವಾರೆಯಾದರೂ ಮೇಲಿನ ಕಂಪನಾಂಕಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ಹೆಡ್ಡಿನ ಎಡಬಲ ಎರಡು ಸ್ಕ್ರೂ ಇರುತ್ತವೆ; ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ. ಈಗಿನ ಸ್ಥಾನಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಔಟ್‌ಪುಟ್ಟಿನ ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಿ ಕೇಳುತ್ತಾ, ಕಾಂತಗುಣವಿಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ಮಾತಿನಲ್ಲಿ ‘ಸ’, ‘ಶ’, ಹಿಮ್ಮೇಳದಲ್ಲಿ ಚಕ್ರತಾಳದ ಕಿಣಿಕಿಣಿ ಇವು ಅತಿ ಸ್ಪಷ್ಟವಾಗುವ ಒಂದು ಬಿಂದು ಸಿಗುತ್ತದೆ, ಅಲ್ಲಿ ನಿಲ್ಲಿಸಿ. ಇದು ಆ ಕ್ಯಾಸೆಟ್ಟಿಗೆ ಮಾತ್ರ. ಮುಂದಿನದಕ್ಕೆ ಮತ್ತೆ ಹೊಂದಿಸಬೇಕು, ಕೆಲವೊಮ್ಮೆ ಬಿ ಬದಿಗೂ ಬೇರೆ. ಯಾವ ಸಾಫ್ಟ್‌ವೇರೂ ಆಮೇಲೆ ತಂದುಕೊಡಲಾಗದ ಸ್ಪಷ್ಟತೆ ಈ ಒಂದು ಸ್ಕ್ರೂವಿನಲ್ಲಿದೆ. ಗುತ್ತಿಗೆಯ ಡಿಜಿಟಲೀಕರಣದಲ್ಲಿ ಬಹುತೇಕ ಯಾರೂ ಮುಟ್ಟದಿರುವುದೂ ಇದನ್ನೇ.

ದಾಖಲಿಸುವಾಗ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘಟನೆ ಐಎಎಸ್‌ಎ ಕನಿಷ್ಠವೆಂದು ಹೇಳುವುದು ಇಷ್ಟನ್ನೇ. ಅತಿ ಜೋರಿನ ಚೆಂಡೆ ಪೆಟ್ಟೂ −6 ಡಿಬಿ ದಾಟದಿರಲಿ.

ಶ್ರುತಿ ಏರಿದೆ, ಇಳಿದಿದೆ, ಅಥವಾ ಅಲುಗುತ್ತಿದೆ

ಶ್ರುತಿ ಪೆಟ್ಟಿಗೆಯ ದನಿ ಅಲೆಯಂತೆ ಏರಿಳಿದರೆ ಬೆಲ್ಟ್ ಸಡಿಲವಾಗಿದೆ ಅಥವಾ ರೋಲರ್ ಗಟ್ಟಿಯಾಗಿದೆ. ಎರಡೂ ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ತಾಪ್ಕೀರ್ ಗಲ್ಲಿಯಂಥ ಕಡೆ ಹುಡುಕಬಹುದಾದ ಸರಕು. ಹಳೆ ಬೆಲ್ಟನ್ನೇ ಒಯ್ದು ಅಳತೆಗೆ ಹಿಡಿಯಿರಿ.

ಇಡೀ ಟೇಪು ಒಂದೇ ಸಮ ಏರಿದ್ದರೆ ವೇಗದ ದೋಷ. ಎಷ್ಟೆಂದು ಪತ್ತೆ ಮಾಡಲು ಒಳ್ಳೆ ಉಪಾಯವಿದೆ. ಹಳೆ ರೆಕಾರ್ಡಿಂಗ್‌ಗಳಲ್ಲಿ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಸಣ್ಣಗೆ ಸೇರಿರುತ್ತದೆ, ಅದರ ಗುಣಕಗಳಾದ 100, 150, 200 ಕೂಡ. ಅಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿನಲ್ಲಿ ಮಾತಿಲ್ಲದ ಜಾಗ ಆರಿಸಿ, ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆದು, ಸೈಜ್ 65536 ಇಟ್ಟು 200ರ ಸುತ್ತ ಎದ್ದ ಮೊನೆ ನೋಡಿ. ಅದು 208ರಲ್ಲಿದ್ದರೆ ಟೇಪು 4% ವೇಗವಾಗಿ ಓಡಿದೆ, 0.9615ರಿಂದ ಗುಣಿಸಿ ಇಳಿಸಿ. ಸುಮಾರು 6% ಅಂದರೆ ಅರ್ಧ ಸ್ವರ, ಆದ್ದರಿಂದ 4% ಎಂದರೆ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುವಷ್ಟು. ವೇಗ, ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ. ಒಂದು ಎಚ್ಚರ: ಆ ಗುಂಯ್ ಟೇಪಿನದೇ ಇರಬೇಕು. ಟೇಪು ನಿಲ್ಲಿಸಿದ ಮೇಲೂ ಕೇಳಿದರೆ ಅದು ನಿಮ್ಮ ಈಗಿನ ವೈರಿಂಗಿನದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ತಾಳಮದ್ದಳೆಯ ಕ್ಯಾಸೆಟ್ ಕೊನೆಕೊನೆಗೆ ಮಾತ್ರ ಕೀಚಲಾಗುತ್ತಾ ಹೋದರೆ ನಿಮ್ಮ ಡೆಕ್ ಸರಿಯಾಗಿದೆ. ಅಂದು ರೆಕಾರ್ಡರಿನ ಸೆಲ್ ಮುಗಿಯುತ್ತಾ ಬಂದು ಟೇಪು ನಿಧಾನವಾಗಿ ಓಡಿತ್ತು. ಈಗ ಸರಿ ವೇಗದಲ್ಲಿ ಓಡುವಾಗ ಬೇಗ ಬೇಗ ಕೇಳುತ್ತದೆ. ಇದಕ್ಕೆ ಒಂದೇ ಸಂಖ್ಯೆ ಸಾಲದು, ಸಮಯದ ಜೊತೆ ಬದಲಾಗುವ ತಿದ್ದುಪಡಿ ಬೇಕು.

‘ಕ್ಲೀನ್’ ಮಾಡಿಸಿದ ಮೇಲೆ ದನಿ ನೀರೊಳಗೆ ಮುಳುಗಿದ ಹಾಗಿದೆ

ಇದು ಟೇಪಿನದಲ್ಲ, ನಾಯ್ಸ್ ರಿಡಕ್ಷನ್ನಿನ ದೋಷ. ಸಾಫ್ಟ್‌ವೇರ್ ‘ಸದಾ ಒಂದೇ ತೆರನಾಗಿರುವುದು ಗದ್ದಲ’ ಎಂದು ತಿಳಿಯುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲಿ, ಸಂಗೀತ ಕಛೇರಿಯಲ್ಲಿ ಸದಾ ಒಂದೇ ತೆರನಾಗಿರುವುದು ಶ್ರುತಿ! ಗದ್ದಲದ ಮಾದರಿ ಕೊಡಲು ಆರಿಸಿದ ಎರಡು ಸೆಕೆಂಡಿನಲ್ಲಿ ಶ್ರುತಿ ಪೆಟ್ಟಿಗೆ ನುಡಿಯುತ್ತಿದ್ದರೆ, ಇಡೀ ಟೇಪಿನಿಂದ ಷಡ್ಜ–ಪಂಚಮಗಳನ್ನೇ ಅದು ಕೆತ್ತಿ ತೆಗೆಯುತ್ತದೆ. ಭಾಗವತರು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ದನಿ ಟೊಳ್ಳಾಗುತ್ತದೆ. ಚೆಂಡೆಗೆ ಆಗುವುದು ಇನ್ನೊಂದು ಬಗೆ. ‘ಕ್ಲಿಕ್’ ತೆಗೆಯುವ ಫಿಲ್ಟರು ಕೋಲಿನ ಪೆಟ್ಟಿನ ಮೊದಲ ಕ್ಷಣವನ್ನು ಗೀರು ಎಂದುಕೊಂಡು ನುಂಗುತ್ತದೆ. ಉಳಿಯುವುದು ಧಬ್ ಎನ್ನುವ ಬಾಲ ಮಾತ್ರ.

ತಿದ್ದದ ಫೈಲಿಗೆ ಹಿಂತಿರುಗಿ. ಶ್ರುತಿ ಶುರುವಾಗುವುದಕ್ಕೆ ಮೊದಲ ಬರೀ ಸುಯ್ ಸದ್ದಿನ ಜಾಗದಿಂದ ಮಾದರಿ ತೆಗೆಯಿರಿ. 6 ಡಿಬಿಯಿಂದ ಆರಂಭಿಸಿ, 12 ದಾಟಬೇಡಿ. ಆಮೇಲೆ ‘ರೆಸಿಡ್ಯೂ’ ಆಯ್ಕೆ ಮಾಡಿ, ತೆಗೆದು ಹಾಕಿದ್ದನ್ನು ಮಾತ್ರ ಕೇಳಿ. ಅದರಲ್ಲಿ ಪದದ ಸಾಹಿತ್ಯ ಗುರುತು ಹಿಡಿಯಲು ಬಂದರೆ ಅತಿಯಾಯಿತು. ಚೆಂಡೆ ಇರುವ ಭಾಗಕ್ಕೆ ಕ್ಲಿಕ್ ಫಿಲ್ಟರ್ ಹಾಕಲೇಬೇಡಿ. ಸ್ವಲ್ಪ ಸುಯ್ ಸದ್ದು ಉಳಿದರೆ ಉಳಿಯಲಿ, ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ರಿಮಾಸ್ಟರ್ ಎಂದು ಬರೆದಿದೆ, ಜೋರು ಮಾತ್ರ ಹೆಚ್ಚಾಗಿದೆ

ಅಲೆಯ ಚಿತ್ರ ನೋಡಿ. ಏರಿಳಿತವಿಲ್ಲದೆ ಇಟ್ಟಿಗೆಯಂತೆ ತುಂಬಿದ್ದರೆ ಕಂಪ್ರೆಸ್ ಮಾಡಿ (ಏರಿಳಿತ ತಗ್ಗಿಸಿ) ಜೋರು ಏರಿಸಿದ್ದಾರೆ ಅಷ್ಟೆ. ಯಾವ ಕಂಪನಾಂಕ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಸುಮಾರು 16 ಕಿಲೋಹರ್ಟ್ಸ್‌ಗೆ ಕತ್ತರಿಸಿದಂಥ ಗೋಡೆ ಕಂಡರೆ ಮೂಲ ಬಹುಶಃ 128 ಕೆಬಿಪಿಎಸ್ ಎಂಪಿ3. ಹೊರಗೆ 96 ಕಿಲೋಹರ್ಟ್ಸ್ ಎಂದು ಬರೆದಿದ್ದರೂ ಒಳಗಿರುವುದು ಅದೇ.

ಕೈ ಆಡಿಸಿದಾಗ ಬಾಚಣಿಗೆಯ ಹಲ್ಲು, ಜರಿಯಂಚು ಮಿಣುಗುವುದು

ಪಾಲ್ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿನಲ್ಲಿ ಎರಡು ಬೇರೆ ಕ್ಷಣಗಳ ಗೆರೆಗಳು ಒಂದರ ನಡುವೊಂದು ಹೆಣೆದಿರುತ್ತವೆ. ಹೀಗಾಗಿ ಚಲನೆಯ ಕ್ಷಣಗಳು ಸೆಕೆಂಡಿಗೆ 50. ಈ ಹೆಣಿಗೆ ಬಿಡಿಸುವುದೇ ಡಿಇಂಟರ್‌ಲೇಸ್. ಬಿಡಿಸದೆ ಅಪ್‌ಸ್ಕೇಲ್ ಮಾಡಿದರೆ ಎಐ ಆ ಹಲ್ಲುಗಳನ್ನು ನಿಜವಾದ ವಿವರ ಎಂದು ನಂಬಿ ಚೂಪುಗೊಳಿಸುತ್ತದೆ. ಕಾಂಜೀವರಂ ಸೀರೆಯ ಜರಿಯಂಚಿನಲ್ಲಿ ಇದು ಮೊದಲು ಕಾಣುತ್ತದೆ: ಅಂಚು ನಿಂತಲ್ಲೇ ಕುದಿಯುತ್ತಿರುತ್ತದೆ. ಹೀಗಾದ ಫೈಲನ್ನು ಆಮೇಲೆ ತಿದ್ದಲಾಗದು, ಕ್ಯಾಪ್ಚರ್ ಫೈಲಿಗೆ ಹೋಗಬೇಕು.

ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನ ‘ಬಿಡಬ್ಲ್ಯುಡಿಐಎಫ್’ ಫಿಲ್ಟರ್ ಸಾಕು. ಇನ್ನೂ ಚೆನ್ನಾಗಿ ಬೇಕಿದ್ದರೆ ‘ಕ್ಯುಟಿಜಿಎಂಸಿ’, ಆದರೆ ಗಂಟೆಗಟ್ಟಲೆ ಓಡುತ್ತದೆ. ಔಟ್‌ಪುಟ್ 50 ಫ್ರೇಮ್ ಇರಲಿ. 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಬಿಸಾಡಿದಂತೆ. ಧೀಂಗಿಣ ಹಾಕುವ ವೇಷಧಾರಿ ತುಂಡುತುಂಡಾಗಿ ತಿರುಗುತ್ತಾನೆ. ಡಿಇಂಟರ್‌ಲೇಸ್ ಆದ ಮೇಲೆ ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿ. ಕೈ ಮುಂದೆ, ಹಿಂದೆ, ಮತ್ತೆ ಮುಂದೆ ಹೋದರೆ ಫೀಲ್ಡ್ ಕ್ರಮ (ಎರಡು ಕ್ಷಣಗಳ ಗೆರೆಗಳಲ್ಲಿ ಯಾವುದು ಮೊದಲು ಎಂಬುದು) ತಲೆಕೆಳಗಾಗಿದೆ. ಡಿವಿ (ಡಿಜಿಟಲ್ ಕ್ಯಾಮ್‌ಕಾರ್ಡರ್ ಬಗೆಯ) ಫೈಲಾಗಿದ್ದರೆ ‘ಬಾಟಮ್ ಫಸ್ಟ್’, ಇತರ ಕ್ಯಾಪ್ಚರ್‌ಗಳಲ್ಲಿ ಸಾಮಾನ್ಯವಾಗಿ ‘ಟಾಪ್ ಫಸ್ಟ್’.

ಚಿತ್ರದ ತಲೆ ಬಾಗಿದೆ, ಬಾಗಿಲ ಚೌಕಟ್ಟು ನಡುಗುತ್ತದೆ, ಕೆಳಗೆ ಗದ್ದಲದ ಪಟ್ಟಿ

ಕೆಳಗಿನ ಆರೆಂಟು ಗೆರೆಗಳ ಗದ್ದಲ ದೋಷವೇ ಅಲ್ಲ. ಎರಡು ಹೆಡ್‌ಗಳು ಪಾಳಿ ಬದಲಿಸುವ ಜಾಗ ಅದು, ಹಳೆ ಟಿವಿಗಳಲ್ಲಿ ಚೌಕಟ್ಟಿನಡಿ ಮರೆಯಾಗುತ್ತಿತ್ತು. ಕಪ್ಪು ಪಟ್ಟಿ ಮುಚ್ಚಿದರೆ ಸಾಕು. ಚಿತ್ರದ ನಡುವೆ ಬಿಳಿ ಪಟ್ಟಿ ತೇಲಿದರೆ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಇಡೀ ಚಿತ್ರವೇ ಹಿಮ ಸುರಿದಂತಾದರೆ ಹೆಡ್ ಶುಚಿ ಬೇಕು. ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆಯಿರಿ. ಪವರ್ ಸಪ್ಲೈನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು, ಆ ಬೋರ್ಡ್ ಮುಟ್ಟಬೇಡಿ. ವಿಡಿಯೋ ಡ್ರಮ್ಮಿಗೆ ಹತ್ತಿ ಬಡ್ಸ್ ಎಂದೂ ಬೇಡ, ಎಳೆ ಸಿಕ್ಕಿ ಹೆಡ್ಡಿನ ಚೂರು ಕಿತ್ತು ಬರುತ್ತದೆ. ಎಳೆ ಬಿಡದ ಬಟ್ಟೆಯನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ಸುತ್ತಿಸಿ. ಮೇಲೆ ಕೆಳಗೆ ಉಜ್ಜಬೇಡಿ. ಧೈರ್ಯ ಸಾಲದಿದ್ದರೆ ರಿಪೇರಿಯವರಿಗೆ ಕೊಡಿ. ಫುನಾಯಿ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಸಿಗುವುದಿಲ್ಲ, ಮುರಿದರೆ ಮುರಿದಂತೆ.

ಚಿತ್ರದ ಮೇಲ್ಭಾಗ ಬಾಗುವುದು, ನೇರ ಗೆರೆಗಳು ನಡುಗುವುದು ಸಮಯದ ದೋಷ: ಟೇಪು ಹಿಗ್ಗಿ, ಪ್ರತಿ ಗೆರೆ ಸ್ವಲ್ಪ ಆಚೀಚೆ ಶುರುವಾಗುತ್ತದೆ. ಇದಕ್ಕೆ ವಿಸಿಆರ್ ಮತ್ತು ಕಂಪ್ಯೂಟರ್ ನಡುವೆ ಟೈಮ್ ಬೇಸ್ ಕರೆಕ್ಟರ್ ಬೇಕು. ಅಪ್‌ಸ್ಕೇಲರ್ ಇದನ್ನು ಸರಿಪಡಿಸುವುದಿಲ್ಲ, ನಡುಗುವ ಗೆರೆಯನ್ನು ಇನ್ನೂ ಚೂಪಾಗಿ ನಡುಗಿಸುತ್ತದೆ. ಕೆಲಸ ಕೊಡುವ ಮೊದಲು ‘ಟಿಬಿಸಿ ಇದೆಯೇ’ ಎಂದು ಕೇಳಿ.

ಅಮೆರಿಕದ ನೆಂಟರು ಕಳಿಸಿದ ಟೇಪು ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಅದು ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿವಿ ಪದ್ಧತಿಯದು. ಟೇಪು ಸರಿಯಾಗಿದೆ, ಎರಡೂ ಪದ್ಧತಿಯ ವಿಸಿಆರ್ ಬೇಕು.

ತುಟಿ ಒಂದು ಕಡೆ, ಮಾತು ಒಂದು ಕಡೆ

ಮೊದಲಿಂದ ಕೊನೆವರೆಗೆ ಅಂತರ ಒಂದೇ ಇದ್ದರೆ ಆಡಿಯೋವನ್ನು ಅಷ್ಟು ಸರಿಸಿ, ಮುಗಿಯಿತು. ಹೋಗ್ತಾ ಹೋಗ್ತಾ ಹೆಚ್ಚಿದರೆ ಕ್ಯಾಪ್ಚರ್ ಸಾಧನ ಫ್ರೇಮ್ ಕಳೆದುಕೊಂಡಿದೆ, ಅಥವಾ ದನಿಯನ್ನು ಬೇರೆ ಸೌಂಡ್ ಕಾರ್ಡಿಗೆ ಕೊಟ್ಟಿದ್ದೀರಿ. ಎರಡನ್ನೂ ಒಂದೇ ಸಾಧನದಿಂದ ಪಡೆದು ಮತ್ತೆ ಕ್ಯಾಪ್ಚರ್ ಮಾಡಿ.

ಎಲ್ಲರೂ ದಪ್ಪಗಾಗಿದ್ದಾರೆ, ಬಣ್ಣ ಬೇರೆಯಾಗಿದೆ

4:3 ಚಿತ್ರವನ್ನು 16:9ಕ್ಕೆ ಎಳೆದಿದ್ದಾರೆ; ಎಡಬಲ ಕಪ್ಪು ಪಟ್ಟಿ ಇರಲೇಬೇಕು. ಬಣ್ಣದ ಛಾಯೆ ಸರಿದಿದ್ದರೆ, ಹಳೆಯ ವಿಡಿಯೋದ ಬಿಟಿ.601 ಬಣ್ಣ ಸೂತ್ರವನ್ನು ಎಚ್‌ಡಿಯ ಬಿಟಿ.709ಕ್ಕೆ ಪರಿವರ್ತಿಸದೆ ಹೆಸರು ಮಾತ್ರ ಬದಲಿಸಿದ್ದಾರೆ. ಕಪ್ಪು ಬೂದಿಯಾಗಿದ್ದರೆ ಕಪ್ಪಿನಿಂದ ಬಿಳಿಯವರೆಗಿನ ಎರಡು ಅಳತೆಗಳ, 16–235 ಮತ್ತು 0–255ರ, ಗೊಂದಲ.

ಮುಖ ನುಣ್ಣಗೆ, ಬ್ಯಾನರಿನ ಅಕ್ಷರ ಯಾವ ಭಾಷೆಯದೋ

ಇದು ಶುದ್ಧ ಎಐ ಅಪ್‌ಸ್ಕೇಲಿಂಗ್‌ನ ಗುರುತು. ಗದ್ದಲದ ಜೊತೆ ಚರ್ಮದ ನವಿರನ್ನೂ ಒರೆಸಿ, ಕಲಿತ ಮುಖಗಳಿಂದ ಕಣ್ಣು–ಹಲ್ಲು ತಂದು ಕೂರಿಸುತ್ತದೆ. ವೇದಿಕೆಯ ಹಿಂದಿನ ಬ್ಯಾನರ್ ನೋಡಿ: ‘ವಾರ್ಷಿಕೋತ್ಸವ’ದಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರದ ಕೊಂಬಾಗಿ, ತಕಾರದಡಿಯ ಒತ್ತು ಕರಗಿ ಬರೀ ಚುಕ್ಕೆಯಾಗಿರುತ್ತದೆ. ಮೂಲದಲ್ಲಿ ಮಸುಕಾಗಿದ್ದರೂ ಓದಬಹುದಿತ್ತು, ಇಲ್ಲಿ ಸ್ಪಷ್ಟವಾಗಿದ್ದೂ ಓದಲಾಗದು. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯ ಮುಖ ಬೇರೆಯವರದಾಗಿದ್ದರೆ ಆ ಫೈಲ್ ದಾಖಲೆಯಾಗಿ ಉಳಿಯುವುದಿಲ್ಲ.

ಇಡೀ ಟೇಪಿಗೆ ಹಣ ಕೊಡುವ ಮೊದಲು ಹತ್ತು ಸೆಕೆಂಡಿನ ಮಾದರಿ ಕೇಳಿ. ಅದರಲ್ಲಿ ದೂರದ ಮುಖ, ಕನ್ನಡ ಅಕ್ಷರ, ಜರಿಯಂಚು ಮೂರೂ ಇರಲಿ. ‘ಫೇಸ್ ರಿಕವರಿ’ ಬಗೆಯ ಆಯ್ಕೆ ಆಫ್ ಮಾಡಿಸಿ. 4:3 ಆಕಾರ ಉಳಿಸಿ ಎತ್ತರವನ್ನು ಎರಡು ಪಟ್ಟು ಹಿಗ್ಗಿಸಿದರೆ, ಅಂದರೆ 1536×1152, ಬಹುತೇಕ ಟಿವಿಗಳಿಗೆ ಧಾರಾಳ. ಕೊನೆಯಲ್ಲಿ ಸ್ವಲ್ಪ ಗ್ರೇನ್ (ಸಣ್ಣ ಕಾಳಿನಂಥ ಚುಕ್ಕೆಗಳು) ಸೇರಿಸಿದರೆ ಮೇಣದ ನುಣುಪು ಕಣ್ಣಿಗೆ ಹೊಡೆಯುವುದಿಲ್ಲ. ತಿದ್ದದ ಕ್ಯಾಪ್ಚರನ್ನು ಎಫ್‌ಎಫ್‌ವಿ1ನಂಥ ನಷ್ಟವಿಲ್ಲದ ರೂಪದಲ್ಲಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ.

ಚೋರ್ ಬಜಾರಿನ 78 ಆರ್‌ಪಿಎಂ ಗ್ರಾಮೊಫೋನ್ ಪ್ಲೇಟು ಬರೀ ಗರಗರ ಎನ್ನುತ್ತದೆ

ಎಲ್‌ಪಿಯ ಸೂಜಿ ಹಾಕಿದ್ದೀರಿ. ಅದು 78ರ ಅಗಲ ಗೀರಿನ ತಳದ ಕೊಳೆ ಗೀಚುತ್ತದೆ. ಸುಮಾರು 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿ ಬೇಕು. ಶೆಲ್ಯಾಕ್ (ಅರಗು) ಪ್ಲೇಟಿಗೆ ಆಲ್ಕೋಹಾಲ್ ಮುಟ್ಟಿಸಬೇಡಿ, ಶೆಲ್ಯಾಕ್ ಅದರಲ್ಲಿ ಕರಗುತ್ತದೆ.

ಡಬ್ಬಿ ತೆರೆದರೆ ವಿನೆಗರ್ ವಾಸನೆ

ಟೇಪಲ್ಲ, ಫಿಲ್ಮ್ ರೀಲು ಸಿಕ್ಕಿದೆ ಎಂದುಕೊಳ್ಳಿ. ಹುಳಿ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ. ಪ್ರೊಜೆಕ್ಟರಿಗೆ ಹಾಕಬೇಡಿ, ಉಳಿದ ರೀಲುಗಳಿಂದ ದೂರ ತಂಪಾದ ಒಣ ಜಾಗದಲ್ಲಿಡಿ, ಬೇಗ ಸ್ಕ್ಯಾನ್ ಮಾಡಿಸಿ. 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಎಂಎಂ ರೀಲು ನೈಟ್ರೇಟ್ ಆಗಿರಬಹುದು. ಅದು ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ; ಪುಣೆಯಲ್ಲಿ 2003ರಲ್ಲಿ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿದ್ದು ಹಳೆಯ ಚಿತ್ರಗಳು ನಾಶವಾದವು. ಅನುಮಾನ ಬಂದರೆ ಮನೆಯಲ್ಲಿ ಇಡಬೇಡಿ, ರೈಲಿನಲ್ಲಿ ಒಯ್ಯಬೇಡಿ. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಫೋನಿನಲ್ಲಿ ಕೇಳಿ.

4ಕೆ ಎಂಬ ಮಾತಿಗೆ ಅರ್ಥ ಬರುವುದೂ ಫಿಲ್ಮಿನಲ್ಲೇ. 35 ಎಂಎಂ ನೆಗೆಟಿವ್‌ನಲ್ಲಿ ಅಷ್ಟು ವಿವರ ನಿಜವಾಗಿಯೂ ಇರುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಆ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್ ಬಳಸಿ 4ಕೆಯಲ್ಲಿ ಮರುಸ್ಥಾಪಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಿಮ್ಮ ಸಂಘದ ನಾಟಕದ ವಿಎಚ್‌ಎಸ್ ಪ್ರತಿಯ ಪ್ರತಿಯಾಗಿದ್ದರೆ, 4ಕೆಗೆ ಕೊಡುವ ಹಣವನ್ನು ಅಂದು ಶೂಟಿಂಗ್ ಮಾಡಿದವರ ಮನೆಯಲ್ಲಿ ಮೊದಲ ಟೇಪು ಉಳಿದಿದೆಯೇ ಎಂದು ವಿಚಾರಿಸಲು ಹೋಗುವ ಲೋಕಲ್ ಟಿಕೆಟ್ಟಿಗೆ ಖರ್ಚು ಮಾಡಿ.